ಹೆಡ್ ಆಫೀಸ್ ಮುಖಾಂತರ

ಎರಡು ಮೋಡೆಮ್‌ಗಳ ದೀಪಗಳು ನನಗೆ ಚೆನ್ನಾಗಿ ನೆನಪಿವೆ. ತೊಂದರೆ ಇರುವುದೇ ಅಲ್ಲಿ. ಒಂದು, ಜಯನಗರದ ನಮ್ಮ ಕಚೇರಿಯ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲಿದ್ದದ್ದು. ಇನ್ನೊಂದು, ಜೆ.ಪಿ. ನಗರದ ಬಾಡಿಗೆ ಮನೆಯಲ್ಲಿ, ಮೊದಲು ದೇವರ ಕೋಣೆಯಾಗಿದ್ದ ಪುಟ್ಟ ಜಾಗದಲ್ಲಿದ್ದದ್ದು. ಇದು ಮಿನುಗಿದ ಮರುಗಳಿಗೆ ಅದು. ಮತ್ತೆ ಇದು, ಮತ್ತೆ ಅದು. ಎರಡನ್ನೂ ಒಂದೇ ಮಧ್ಯಾಹ್ನ, ಒಂದೇ ಹೊತ್ತಿನಲ್ಲಿ ನೋಡಿದೆ ಎಂದು ನನ್ನ ನೆನಪು ಹಟ ಹಿಡಿಯುತ್ತದೆ. ನಡುವೆ ಬಸ್ಸಿಗೆ ಅರ್ಧ ಗಂಟೆಯ ದಾರಿ. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಒಂದು ವಸ್ತು ಏಕಕಾಲಕ್ಕೆ ಎರಡು ಕಡೆ ಇರುವ ಸಾಧ್ಯತೆಯ ಬಗ್ಗೆ ಅಲ್ಲಿ ಬೇಕಾದಷ್ಟು ಪಾಠ ಮಾಡಿದ್ದರು. ಆದರೆ ಅದು ಬಸ್ ಪಾಸ್ ಇಟ್ಟುಕೊಂಡು ಓಡಾಡುವ ವಸ್ತುವಿನ ಬಗ್ಗೆ ಆಗಿರಲಿಲ್ಲ.

ಹಾಗಾಗಿ ಇದನ್ನು ಬರೆಯುವಾಗ ನಾನು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ನನಗೆ ತಲುಪಿದ್ದು ಯಾವುದು ಎಂದು ಬೇರ್ಪಡಿಸಲು ಪ್ರಯತ್ನಿಸುತ್ತೇನೆ. ಪೂರ್ತಿ ಆಗುತ್ತದೆಂಬ ಭರವಸೆ ಇಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಸೇರಿದ್ದ ಸಂಸ್ಥೆ ಸಮೀಕ್ಷೆಗಳ ಅಂಕಿಅಂಶ ಲೆಕ್ಕ ಹಾಕುವುದು. ಅದಕ್ಕೆ ಮೂರು ಮನೆಗಳು: ಜಯನಗರದಲ್ಲಿ ಹೆಡ್ ಆಫೀಸು, ಬನಶಂಕರಿಯಲ್ಲಿ ಲೆಕ್ಕದವರು ಕೂರುವ ದೊಡ್ಡ ಹಾಲು, ಜೆ.ಪಿ. ನಗರದಲ್ಲಿ ಒಂದು ಶಾಖೆ. ಬನಶಂಕರಿಯವರು ಹಗುರವಾದ ಲೆಕ್ಕಗಳನ್ನು ಅಲ್ಲೇ ಮಾಡುತ್ತಿದ್ದರು. ಭಾರಿ ಲೆಕ್ಕಗಳಿಗೆ ಊರಿನ ಉತ್ತರ ತುದಿಯಲ್ಲಿದ್ದ, ನಮ್ಮದಲ್ಲದ, ದೊಡ್ಡ ಕಂಪ್ಯೂಟರೇ ಬೇಕು. ಟೇಪ್ ಸುರುಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಒಬ್ಬರು ಊರು ದಾಟಿ ಹೋಗುತ್ತಿದ್ದರು. ಉತ್ತರ ಬರಲು ಎರಡು ದಿನ. ಮಳೆ ಬಂದರೆ ಎಷ್ಟು ದಿನವೋ.

ಈ ಸ್ಕೂಟರನ್ನು ನಿಲ್ಲಿಸಿ ಮೂರು ಮನೆಗಳನ್ನೂ ಆ ದೊಡ್ಡ ಕಂಪ್ಯೂಟರನ್ನೂ ಫೋನಿನ ತಂತಿಯಿಂದ ಜೋಡಿಸುತ್ತೇನೆ ಎಂದು ಬಂದವರು ನಮ್ಮ ಮೇಡಂ. ನನಗಿಂತ ಏಳೆಂಟು ವರ್ಷ ದೊಡ್ಡವರು. ಬ್ಯಾಂಕಿನ ಖಾಯಂ ಕೆಲಸ ಬಿಟ್ಟು, ಮನೆಯಲ್ಲಿ ಎಲ್ಲರ ಮಾತು ಮೀರಿ, ಈ ಹಂಗಾಮಿ ಹುದ್ದೆಗೆ ಸೇರಿದ್ದರು. ಹುದ್ದೆ ಇದ್ದದ್ದೇ ನೆಟ್‌ವರ್ಕಿಗಾಗಿ. ನೆಟ್‌ವರ್ಕ್ ನಡೆದರೆ ಅದು ಖಾಯಂ ಆಗುತ್ತದೆ, ನಡೆಯದಿದ್ದರೆ ತಂತಿಗಳ ಜೊತೆ ಅವರೂ ಹೋಗುತ್ತಾರೆ. ನಿರ್ದೇಶಕರು ಇದನ್ನು ಅವರಿಗೆ ಮೊದಲ ದಿನವೇ ನಯವಾಗಿ ಹೇಳಿದ್ದರಂತೆ. ನಾನು ಅವರ ಕೈಕೆಳಗೆ ಇದ್ದ ಒಬ್ಬನೇ ಸಹಾಯಕ. ಅದಕ್ಕೆ ಮುಂಚೆ ಮೂರು ಕೆಲಸ ಬಿಟ್ಟಿದ್ದೆ. ಕೂತ ಕಡೆ ಕೂರಲಾಗದ ರೋಗ ನನಗಿತ್ತು, ಈಗಲೂ ಇದೆ.

ಹಿಂದಿನ ಕೋಣೆಯ ಬಾಗಿಲ ಹಿಂಬದಿಗೆ ಮೇಡಂ ಸೀಮೆಸುಣ್ಣದಲ್ಲಿ ಮೂರು ಮನೆ ಬರೆದು ಪಾಠ ಹೇಳಿದ್ದರು. ಬೈ ಟೂ ಕಾಫಿ ತರಿಸಿ, ತಮ್ಮ ಲೋಟ ಆರಲು ಬಿಟ್ಟು ಮಾತಾಡುವುದು ಅವರ ರೂಢಿ.

"ಮೆಷಿನ್ನಿಗೆ ಊರಿನ ನಕ್ಷೆ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಇಷ್ಟೇ, ಈ ವಿಳಾಸದ ಪ್ಯಾಕೆಟ್, ಅಂದ್ರೆ ಸಂದೇಶದ ತುಂಡು, ಬಂದ್ರೆ ಯಾವ ತಂತಿಗೆ ಹಾಕ್ಲಿ ಅಂತ. ಆ ಪಟ್ಟಿಗೆ ರೂಟಿಂಗ್ ಟೇಬಲ್ ಅಂತಾರೆ."

"ತಂತಿ ಆಚೆ ಏನಾಗತ್ತೆ ಮೇಡಂ?"

"ಅದು ಆಚೆ ಇರೋರ ತಲೆನೋವು."

"ಪಟ್ಟಿ ತಪ್ಪಿದ್ರೆ?"

"ತಪ್ಪು ಅಂತ ಅದಕ್ಕೆ ಗೊತ್ತಾಗಲ್ಲ. ನಾವು ಬರೆದಿದ್ದನ್ನ ನಂಬತ್ತೆ. ನಿಮ್ಮ ಥರ ಅಲ್ಲ ಕಣ್ರೀ ಅದು."

ಕೈಯಿಂದ ಬರೆದಿಟ್ಟ ದಾರಿಗೆ ಸ್ಟ್ಯಾಟಿಕ್ ರೂಟ್ ಎಂದು ಹೆಸರು. ಬನಶಂಕರಿಯ ವಿಳಾಸಗಳೆಲ್ಲ ಈ ತಂತಿಗೆ, ಜೆ.ಪಿ. ನಗರದ ವಿಳಾಸಗಳೆಲ್ಲ ಆ ತಂತಿಗೆ ಎಂದು ಜಯನಗರದ ಯಂತ್ರಕ್ಕೆ ಒಮ್ಮೆ ಹೇಳಿದರೆ ಮುಗಿಯಿತು. ಯಾರಾದರೂ ಕೈಯಿಂದಲೇ ತಿದ್ದುವವರೆಗೆ ಅದು ಹಾಗೇ ಇರುತ್ತದೆ. ಹೊರಗೆ ರಸ್ತೆ ಅಗೆದರೂ, ಆಚೆ ಮನೆ ಖಾಲಿಯಾದರೂ, ಯಂತ್ರ ಬರೆದದ್ದಕ್ಕೆ ನಿಷ್ಠವಾಗಿ ಅದೇ ತಂತಿಗೆ ಹಾಕುತ್ತದೆ. ದಾರಿಗಳನ್ನು ಯಂತ್ರಗಳೇ ಪರಸ್ಪರ ಹೇಳಿಕೊಳ್ಳುವ ಉಪಾಯಗಳೂ ಇದ್ದವು. ಮೂರು ಮನೆಗಳಿಗೆ, ಅದೂ ನಮ್ಮ ನಿಧಾನದ ತಂತಿಗಳಲ್ಲಿ, ಆ ಹರಟೆ ಬೇಡವೆಂದು ಮೇಡಂ ಬಿಟ್ಟಿದ್ದರು.

ಆದರೆ ಲೋಕದ ವಿಳಾಸಗಳನ್ನೆಲ್ಲ ಬರೆಯಲು ಆಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಎಲ್ಲಿಗೆ? ಅದಕ್ಕೆ ಕೊನೆಯಲ್ಲಿ ಒಂದು ಸಾಲು: ಡಿಫಾಲ್ಟ್ ರೂಟ್. ಯಂತ್ರ ಮೊದಲು ನಿರ್ದಿಷ್ಟವಾಗಿ ಬರೆದದ್ದನ್ನು ಹುಡುಕುತ್ತದೆ. ಸಿಕ್ಕರೆ ಅದರಂತೆ ನಡೆಯುತ್ತದೆ. ಸಿಗದಿದ್ದರೆ ಡಿಫಾಲ್ಟ್ ಹೇಳಿದ ಕಡೆಗೆ ತಳ್ಳುತ್ತದೆ. ಡಿಫಾಲ್ಟೂ ಇಲ್ಲದಿದ್ದರೆ ದಾರಿ ಗೊತ್ತಿಲ್ಲ ಎಂದು ಪ್ಯಾಕೆಟ್ ಬಿಸಾಡುತ್ತದೆ. ಬನಶಂಕರಿಯ ಡಿಫಾಲ್ಟ್ ಜಯನಗರಕ್ಕೆ. ಜೆ.ಪಿ. ನಗರದ ಡಿಫಾಲ್ಟೂ ಜಯನಗರಕ್ಕೆ. ಜಯನಗರದ ಡಿಫಾಲ್ಟ್ ಮಾತ್ರ ಹೊರಗಿನ ಲೈನಿಗೆ, ಅಂದರೆ ಊರಿನ ಆ ತುದಿಯ ದೊಡ್ಡ ಕಂಪ್ಯೂಟರಿನ ಕಡೆಗೆ.

ಅವರು ಹೇಳುತ್ತಿದ್ದಾಗ ನನಗೆ ನಮ್ಮ ಬೀದಿಯ ಫೋನ್ ಆಂಟಿ ನೆನಪಾದರು. ಅಥವಾ ಎಷ್ಟೋ ಆಮೇಲೆ ನೆನಪಾಗಿ, ಆಗಲೇ ನೆನಪಾಗಿದ್ದರು ಎಂದು ನಾನೇ ಜೋಡಿಸಿಕೊಂಡೆನೋ. ಎಪ್ಪತ್ತರ ದಶಕದಲ್ಲಿ ಜಯನಗರದ ನಮ್ಮ ಕ್ರಾಸಿಗೆಲ್ಲ ಫೋನಿದ್ದದ್ದು ಅವರ ಮನೆಯಲ್ಲಿ ಮಾತ್ರ. ಬೀದಿಯವರ ಲಗ್ನಪತ್ರಿಕೆಗಳಲ್ಲೆಲ್ಲ ಅದೇ ನಂಬರು, ಮುಂದೆ ಪಿ.ಪಿ. ಎಂಬ ಎರಡಕ್ಷರ, ಅಂದರೆ ಫೋನು ಪಕ್ಕದ ಮನೆಯದು, ಕರೆಸಿಕೊಡುತ್ತಾರೆ ಎಂದು. ಯಾರಿಗೆ ಫೋನ್ ಬಂದರೂ ಆಂಟಿ ಕಾಂಪೌಂಡಿನ ಬಳಿ ಬಂದು ಸರಿಯಾದ ಮನೆಯ ಕಡೆ ತಿರುಗಿ ಕೂಗುತ್ತಿದ್ದರು. ಒಂದು ಸಂಸಾರ ಚಿಕ್ಕಲಸಂದ್ರದಲ್ಲಿ ಸೈಟು ಕೊಂಡು ಮನೆ ಕಟ್ಟಿ ಹೊರಟುಹೋಯಿತು. ಅವರಿಗೆ ಫೋನುಗಳು ಬರುತ್ತಲೇ ಇದ್ದವು. ಆಂಟಿ ಅಭ್ಯಾಸಬಲದಿಂದ ಹಳೆಯ ಮನೆಯ ಕಡೆಗೇ ಕೂಗುತ್ತಿದ್ದರು. ಹೊಸ ಬಾಡಿಗೆದಾರರು ಒದ್ದೆ ಕೈ ಒರೆಸಿಕೊಂಡು ಓಡಿ ಬಂದು, ತಮಗಲ್ಲವೆಂದು ತಿಳಿದು ಹಿಂದೆ ಹೋಗುತ್ತಿದ್ದರು. ಆಂಟಿಯ ತಲೆಯೊಳಗಿನ ಆ ಸಾಲನ್ನು ತಿದ್ದುವವರು ಯಾರೂ ಇರಲಿಲ್ಲ.

ಕೆಲವು ತಿಂಗಳು ನಮ್ಮ ನೆಟ್‌ವರ್ಕ್ ಚೆನ್ನಾಗಿ ನಡೆಯಿತು. ಸ್ಕೂಟರಿನವರು ಟೇಪ್ ಚೀಲವನ್ನು ತರಕಾರಿಗೆ ಬಳಸತೊಡಗಿದರು. ಆಮೇಲೆ ಮಳೆಗಾಲದಲ್ಲಿ ಹೊರಗಿನ ಲೈನ್ ಕೆಟ್ಟಿತು. ಜಯನಗರದ ನಮ್ಮ ಕಚೇರಿಗೆ ಬರುವ ಹಳೆಯ ಕೇಬಲಿಗೆ ನೀರು ಇಳಿದಿತ್ತು. ಜೆ.ಪಿ. ನಗರದ ಕಡೆ ಹೊಸ ಕೇಬಲ್ ಇತ್ತು. ಹಾಗಾಗಿ ಹೊರಗಿನ ಲೈನನ್ನು ಜೆ.ಪಿ. ನಗರದ ಶಾಖೆಗೆ ಸ್ಥಳಾಂತರಿಸುವುದೆಂದು ತೀರ್ಮಾನವಾಯಿತು. ಮೇಡಂ ಜಯನಗರದಲ್ಲಿ ಒಂದೇ ಸಾಲು ಬದಲಾಯಿಸಿದರು: ಇನ್ನು ಮುಂದೆ ಡಿಫಾಲ್ಟ್ ಜೆ.ಪಿ. ನಗರಕ್ಕೆ. ಜೆ.ಪಿ. ನಗರದ ಡಿಫಾಲ್ಟನ್ನು ಹೊರಗಿನ ಲೈನಿಗೆ ತಿರುಗಿಸುವುದನ್ನು, ಲೈನ್ ಹಾಕಲು ಬಂದವರು ಅದಕ್ಕೆ ಬೇಕಾದ ಉಳಿದ ಸಾಲುಗಳ ಸಮೇತ ಅಲ್ಲೇ ಮಾಡಿ ಹೋದರು.

ಮೊದಲ ದಿನ ಎಲ್ಲ ಸರಿಯಿತ್ತು. ಮಾರನೆಯ ದಿನದಿಂದ ಹೊರಗೆ ಕಳಿಸಿದ ಒಂದು ಸಂದೇಶವೂ ತಲುಪಲಿಲ್ಲ. ಮೂರು ಮನೆಗಳ ಒಳಗಿನ ಸಂದೇಶಗಳು ಮಾತ್ರ ಸಲೀಸಾಗಿ ಓಡಾಡುತ್ತಿದ್ದವು. ಇನ್ನೂ ವಿಚಿತ್ರವೆಂದರೆ ಜಯನಗರ, ಜೆ.ಪಿ. ನಗರಗಳ ನಡುವಿನ ತಂತಿ ಹಿಂದೆಂದೂ ಕಾಣದಷ್ಟು ಗಡಿಬಿಡಿಯಲ್ಲಿತ್ತು. ಮೋಡೆಮಿನ ದೀಪಗಳು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ನಿರ್ದೇಶಕರು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ಸಂತೋಷಪಟ್ಟರು.

"ಪರವಾಗಿಲ್ಲ, ಭರ್ಜರಿ ಕೆಲಸ ನಡೀತಿದೆಯಲ್ಲ!"

ನಿರ್ದೇಶಕರು ಮುಂದುವರಿಸಿದರು: ಮುಂದಿನ ವಾರ ಸಂಸ್ಥೆಯ ಆಡಳಿತ ಸಮಿತಿಯವರು ಬನಶಂಕರಿಗೆ ಬರುತ್ತಾರೆ, ಅವರ ಕಣ್ಣೆದುರಿಗೇ ಒಂದು ಲೆಕ್ಕ ಹೊರಗೆ ಹೋಗಿ ಉತ್ತರ ವಾಪಸ್ ಬರಬೇಕು, ಹುದ್ದೆಯ ವಿಷಯವನ್ನೂ ಅಲ್ಲೇ ಇಟ್ಟುಬಿಡೋಣ, ಉತ್ತರ ಬರದಿದ್ದರೆ ಲೈನುಗಳನ್ನು ವಾಪಸ್ ಕೊಡುವುದೇ ಒಳ್ಳೆಯದು. ಅವರು ಹೋದ ಮೇಲೆ ಮೇಡಂ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

"ಎಲ್ಲರನ್ನೂ ನಿಲ್ಲಿಸೋಣ. ಒಂದೇ ಒಂದು ಪ್ಯಾಕೆಟ್ ಕಳಿಸಿ ನೋಡೋಣ," ಎಂದರು.

ಮೂರೂ ಕಡೆ ಫೋನ್ ಮಾಡಿ ಎಲ್ಲರ ಕೆಲಸ ನಿಲ್ಲಿಸಿದೆವು. ದೀಪಗಳು ಆರಿದವು. ಜಯನಗರದಿಂದ ಹೊರಗಿನ ವಿಳಾಸಕ್ಕೆ ಒಂದು ಪುಟ್ಟ ಪ್ಯಾಕೆಟ್ ಬಿಟ್ಟೆ. ಕಳಿಸುವ ದೀಪ ಒಮ್ಮೆ ಮಿನುಗಿತು. ತಕ್ಷಣವೇ ಬರುವ ದೀಪ. ಮತ್ತೆ ಕಳಿಸುವ ದೀಪ, ಮತ್ತೆ ಬರುವ ದೀಪ. ನಾನು ಕೈ ತೆಗೆದು ಕೂತಿದ್ದೆ. ಆದರೂ ಒಂದೇ ಪ್ಯಾಕೆಟ್ ಹೋಗಿ ಬಂದು ಹೋಗಿ ಬಂದು ಮಾಡುತ್ತಿತ್ತು. ಕೆಲವು ಸೆಕೆಂಡುಗಳಾದ ಮೇಲೆ ನಿಂತಿತು.

ಫೋನಿನ ಆ ತುದಿಯಲ್ಲಿ ಜೆ.ಪಿ. ನಗರ ಶಾಖೆಯ ಮೇಲ್ವಿಚಾರಕರಿದ್ದರು. ಸರ್ಕಾರಿ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು. ಯಂತ್ರವಿದ್ದದ್ದು ಹಳೆಯ ದೇವರ ಕೋಣೆಯಲ್ಲಾದ್ದರಿಂದ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಿದ್ದರು. ಕೀಬೋರ್ಡನ್ನು ಎಂದೂ ಮುಟ್ಟುತ್ತಿರಲಿಲ್ಲ, ಅದು ಆಪರೇಟರ್ ಕೆಲಸ. ನನಗೆ ಅವರಿಟ್ಟ ಹೆಸರು ‘ಎಮ್ಮೆಸ್ಸಿ’.

"ರೀ ಎಮ್ಮೆಸ್ಸಿ, ಏನ್ ಮಾಡಿದ್ರಿ? ಇಲ್ಲಿ ದೀಪ ಕಪ್ಪೆ ಗಂಟಲು ಹೊಡ್ಕೊಂಡ ಹಾಗೆ ಹೊಡ್ಕೊಳ್ತಲ್ಲ! ಒಂದು ಹತ್ತತ್ತೆ, ಆರತ್ತೆ. ಪಕ್ಕದ್ದು ಹತ್ತತ್ತೆ, ಆರತ್ತೆ."

ಆ ಕೋಣೆ, ಅಲ್ಲಿನ ಬಿಳಿ ಟೈಲ್ಸು, ಆ ಹೊಡೆದುಕೊಳ್ಳುವ ದೀಪ. ನಾನು ಇಷ್ಟು ವರ್ಷ ಕಣ್ಣಿನಿಂದ ಕಂಡೆ ಎಂದುಕೊಂಡದ್ದು ಬಹುಶಃ ಇದನ್ನೇ. ಕಿವಿಯಿಂದ ಬಂದದ್ದು.

"ಅವ್ರ ಡಿಫಾಲ್ಟ್ ನಮ್ಮ ಕಡೆಗೇ ಇದೆ," ಎಂದರು ಮೇಡಂ. ಸೀಮೆಸುಣ್ಣ ತೆಗೆದು ಬಾಗಿಲ ಮೇಲೆ ಎರಡು ಬಾಣ ಬರೆದರು. ಜಯನಗರದಿಂದ ಜೆ.ಪಿ. ನಗರಕ್ಕೆ ಒಂದು, ಜೆ.ಪಿ. ನಗರದಿಂದ ಜಯನಗರಕ್ಕೆ ಒಂದು. ಗೊತ್ತಿಲ್ಲದ್ದನ್ನು ಇವರು ಅವರಿಗೆ ಕಳಿಸುತ್ತಾರೆ, ಅವರು ಇವರಿಗೆ. ಇಬ್ಬರೂ ನಿಯಮ ಮೀರುತ್ತಿಲ್ಲ. ಪ್ರತಿ ಪ್ಯಾಕೆಟ್ಟಿನ ಮೇಲೂ ಒಂದು ಅಂಕಿ ಇರುತ್ತದೆ, ಅದನ್ನು ಮುಟ್ಟಿದ ಪ್ರತಿ ಯಂತ್ರವೂ ಅದರಲ್ಲಿ ಒಂದು ಕಳೆಯುತ್ತದೆ, ಸೊನ್ನೆಯಾದರೆ ಎಸೆಯುತ್ತದೆ. ಅದೊಂದಿಲ್ಲದಿದ್ದರೆ ನಾವು ಕಳಿಸಿದ ಮೊದಲ ಸಂದೇಶವೇ ಇನ್ನೂ ಎರಡರ ನಡುವೆ, ಸಾರಕ್ಕಿ ಕಡೆಯ ತಂತಿಯಲ್ಲಿ ಓಡಾಡಿಕೊಂಡಿರುತ್ತಿತ್ತು. ನಿರ್ದೇಶಕರು ಕಂಡ ಭರ್ಜರಿ ಕೆಲಸ ಇಷ್ಟೇ.

ಜೆ.ಪಿ. ನಗರದ ಯಂತ್ರದ ಟೇಬಲನ್ನು ದೂರದಿಂದ ತಿದ್ದಲು ಆಗುತ್ತಿರಲಿಲ್ಲ, ಅದರ ಮುಂದೆಯೇ ಕೂರಬೇಕು. ಹೊರಗಿನವರು ಕೈ ಹಾಕಬಾರದೆಂದು ದೂರದಿಂದ ತಿದ್ದುವ ಸೌಲಭ್ಯವನ್ನು ಮೇಲ್ವಿಚಾರಕರೇ ಮುಚ್ಚಿಸಿದ್ದರು. ಮಾರನೆಯ ಬೆಳಿಗ್ಗೆ ಮೇಡಂ ತಮ್ಮ ಮೊಪೆಡ್ಡಿನಲ್ಲಿ, ನಾನು ಬಸ್ಸಿನಲ್ಲಿ ಅಲ್ಲಿಗೆ ಹೋದೆವು.

"ಬನ್ನಿ ಮೇಡಂ, ಬನ್ನಿ. ಏನ್ರೀ ಎಮ್ಮೆಸ್ಸಿ, ಬೆವೆತುಹೋಗಿದ್ದೀರ? ಕೂತ್ಕೊಳಿ, ಟೂ ಬೈ ತ್ರೀ ಹೇಳ್ತೀನಿ."

"ಸಾರ್, ಈ ಮೆಷಿನ್ನಿನ ಡಿಫಾಲ್ಟ್ ಜಯನಗರಕ್ಕಿದೆ," ಎಂದರು ಮೇಡಂ.

"ಇದೆ. ಲೈನಿನವರು ಬದಲಾಯಿಸ್ಬಿಟ್ಟಿದ್ರು. ಅವ್ರು ಬರೆದಿದ್ದನ್ನೆಲ್ಲ ಅಳಿಸಿ ಹಳೇದನ್ನೇ ಹಾಕಯ್ಯಾ ಅಂತ ನಮ್ಮ ಆಪರೇಟರಿಗೆ ಹೇಳಿ ನಾನೇ ಹಾಕಿಸ್ದೆ."

"ಯಾಕೆ ಸಾರ್?"

"ಯಾಕೆ ಅಂದ್ರೆ? ಬ್ರಾಂಚಿಂದ ಹೊರಗೆ ಹೋಗೋ ಯಾವ್ದೇ ಕಾಗದ ಹೆಡ್ ಆಫೀಸ್ ಮುಖಾಂತರ ಹೋಗ್ಬೇಕು. ಥ್ರೂ ಪ್ರಾಪರ್ ಚಾನೆಲ್. ನನ್ನ ಇಡೀ ಸರ್ವೀಸಲ್ಲಿ ಒಂದು ಕಾಗದ ನಾನು ನೇರವಾಗಿ ಕಳಿಸ್ದವನಲ್ಲ."

"ಹೆಡ್ ಆಫೀಸಿಗೇ ಈಗ ಹೊರಗಿನ ದಾರಿ ಇಲ್ಲ ಸಾರ್. ಲೈನ್ ನಿಮ್ಮ ಹತ್ರ ಇದೆ."

"ಲೈನ್ ಇರ್ಬಹುದು, ಅಧಿಕಾರ ಇಲ್ವಲ್ಲ ಮೇಡಂ. ಅವ್ರು ನೋಡಿ ಕಳಿಸ್ಲಿ, ನಾನು ಹೊರಗೆ ಬಿಡ್ತೀನಿ."

"ಅವ್ರು ನೋಡಿ ಕಳಿಸ್ತಾನೇ ಇದ್ದಾರೆ. ನಿಮ್ಮ ಮೆಷಿನ್ ವಾಪಸ್ ಅವ್ರಿಗೇ ಕಳಿಸ್ತಿದೆ."

"ಒಂದ್ಸಲ ಅಲ್ಲಿಂದ ಬಂದಿದ್ದು ಅಂತ ಗೊತ್ತಾಗಲ್ವಾ ಅದಕ್ಕೆ? ಸೀಲ್ ಇರಲ್ವಾ?"

"ಇರಲ್ಲ ಸಾರ್. ಹೋಗೋ ವಿಳಾಸ ನೋಡತ್ತೆ, ಟೇಬಲ್ ನೋಡತ್ತೆ. ಎಲ್ಲಿಂದ ಬಂತು, ಎಷ್ಟನೇ ಸಲ ಬಂತು, ಯಾವ್ದೂ ಕೇಳಲ್ಲ."

"ಇನಿಷಿಯಲ್ ಕೂಡ ಹಾಕಲ್ವಾ?" ಅವರಿಗೆ ನಿಜಕ್ಕೂ ಆಘಾತವಾಗಿತ್ತು.

"ಒಂದು ಅಂಕಿ ಕಳೆಯತ್ತೆ. ಸೊನ್ನೆ ಆದ್ರೆ ಬಿಸಾಕತ್ತೆ."

"ಶಿವನೇ! ಓದದೇನೇ ಫೈಲ್ ಕ್ಲೋಸು!"

ನಾನು ನಕ್ಕುಬಿಟ್ಟೆ. ನಕ್ಕಿದ್ದಕ್ಕೆ ಅವರು ಬಿಗಿಯಾದರು. ಮೇಡಂ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ ಅವರ ಕಡೆ ತಿರುಗಿದರು.

"ಸಾರ್, ನಿಮ್ಮ ಇಲಾಖೆಲಿ ಟಪಾಲು ಸೆಕ್ಷನ್ ಎಲ್ಲಿತ್ತು?"

"ಕೆಳಗೆ, ಗೇಟ್ ಹತ್ರ."

"ಸಾಹೇಬರು ಸಹಿ ಹಾಕಿದ ಕಾಗದ ಅಲ್ಲಿಗೆ ಬಂದ್ರೆ, ಟಪಾಲಿನವರು ಅದನ್ನ ಮತ್ತೆ ಸಾಹೇಬರ ಟೇಬಲ್ಲಿಗೆ ಕಳಿಸ್ತಿದ್ರಾ?"

"ಕಳಿಸಿದ್ರೆ ಸಸ್ಪೆಂಡ್ ಮಾಡಿರ್ತಿದ್ದೆ."

"ಹೆಡ್ ಆಫೀಸು ತನ್ನ ಟಪಾಲು ಸೆಕ್ಷನ್ನನ್ನ ನಿಮ್ಮಲ್ಲಿಗೆ ಶಿಫ್ಟ್ ಮಾಡಿದೆ ಸಾರ್. ಆಗಿರೋದು ಇಷ್ಟೇ."

ಅವರು ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ನೋಡುತ್ತಾ ಕೂತರು. "ನಮ್ಮ ಬ್ರಾಂಚಿನ ಸ್ವಂತ ಕಾಗದ?"

"ಅದನ್ನೂ ಟಪಾಲಿನವರೇ ಹೊರಗೆ ಹಾಕೋದಲ್ವಾ?"

"ಅಂದ್ರೆ ಔಟ್‌ವರ್ಡ್ ಈಗ ನಮ್ದು."

"ನಿಮ್ದೇ."

"ಇದನ್ನ ಮೊದಲೇ ಹೇಳ್ಬೇಕಿತ್ತು ನೀವು," ಎಂದು ಅವರು ಚಪ್ಪಲಿ ಬಿಟ್ಟು ದೇವರ ಕೋಣೆಯ ಬಾಗಿಲು ತೆಗೆದರು.

ಆಪರೇಟರ್ ಎರಡು ಸಾಲು ಬರೆದ. ಡಿಫಾಲ್ಟ್ ಹೊರಗಿನ ಲೈನಿಗೆ. ಜಯನಗರದ ವಿಳಾಸಗಳು ಜಯನಗರದ ತಂತಿಗೆ. ಈ ಎರಡನೆಯದು ಮೊದಲು ಬೇಕಿರಲಿಲ್ಲ, ಯಾಕೆಂದರೆ ಗೊತ್ತಿಲ್ಲದ್ದೆಲ್ಲ ಹೇಗೂ ಆ ಕಡೆಗೇ ಹೋಗುತ್ತಿತ್ತು. ಈಗ ಡಿಫಾಲ್ಟ್ ಹೊರಗೆ ತಿರುಗಿದ ಮೇಲೆ ಒಳಗಿನವರನ್ನು ಹೆಸರು ಹಿಡಿದು ಬರೆಯಬೇಕು. ಹೆಡ್ ಆಫೀಸನ್ನು ಬರೆಯಲು ಯಾರೂ ಯಾರಿಗೂ ನೆನಪಿಸಬೇಕಾಗಲಿಲ್ಲ.

ಉಳಿದದ್ದು ಒಂದೇ. ಹೀಗೆ ಬರೆದದ್ದು ಯಂತ್ರ ಓಡುತ್ತಿರುವವರೆಗೆ ಮಾತ್ರ. ಕರೆಂಟ್ ಹೋಗಿ ಬಂದರೆ ಅದು ಶುರುವಾಗುವಾಗ ಡಿಸ್ಕಿನಲ್ಲಿರುವ ಒಂದು ಫೈಲ್ ಓದಿ ಅದರಂತೆ ಟೇಬಲ್ ಕಟ್ಟಿಕೊಳ್ಳುತ್ತದೆ. ಆ ಫೈಲಿನಲ್ಲಿ ಇನ್ನೂ ಹಳೆಯ ಸಾಲೇ ಇತ್ತು. ಅದನ್ನೂ ತಿದ್ದಿಸಿ ಎಂದರು ಮೇಡಂ. ಮೇಲ್ವಿಚಾರಕರು ಕೈ ಅಡ್ಡ ಹಿಡಿದರು.

"ಅದು ಸ್ಥಾಯಿ ಆದೇಶ ಮೇಡಂ. ಅದಕ್ಕೆ ಲೆಟರ್ ಬೇಕು. ನಿರ್ದೇಶಕರ ಸಹಿ."

"ಅವ್ರು ಊರಲ್ಲಿಲ್ಲ. ಸಮಿತಿ ದಿನವೇ ಬರೋದು. ಅವತ್ತು ಕರೆಂಟ್ ಹೋದ್ರೆ?"

"ಹೋದಾಗ ನೋಡೋಣ."

ಜಯನಗರಕ್ಕೆ ಮರಳಿ ಪರೀಕ್ಷೆ ಮಾಡಿದೆವು. ಹೊರಗಿನಿಂದ ಉತ್ತರ ಬಂತು. ಆ ಸಂತೋಷದಲ್ಲಿ ಇಡೀ ಕಾಫಿ ಕುಡಿದೆವು, ಬೈ ಟೂ ಅಲ್ಲ. ಸಂಜೆ ಮೇಡಂ ಬನಶಂಕರಿಯಿಂದ ಫೋನ್ ಮಾಡಿದರು. ಸ್ವರ ಸಣ್ಣಗಾಗಿತ್ತು.

"ಇಲ್ಲಿಂದ ಹೋಗ್ತಿದೆ. ಆ ಕಡೆಯವರಿಗೆ ತಲುಪಿದೆಯಂತೆ. ಉತ್ತರ ಮಾತ್ರ ಬರ್ತಿಲ್ಲ."

ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೋಗುವ ದಾರಿಗೂ ಬರುವ ದಾರಿಗೂ ಸಂಬಂಧವಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ಯಾರೋ ಬರೆದಿರಬೇಕು. ಬನಶಂಕರಿಗೆಂದು ಹೊರಗಿನಿಂದ ಬಂದ ಉತ್ತರ ಜೆ.ಪಿ. ನಗರ ತಲುಪುತ್ತದೆ. ಅಲ್ಲಿನ ಟೇಬಲಿನಲ್ಲಿ ಜಯನಗರವಿದೆ, ಬನಶಂಕರಿ ಇಲ್ಲ. ಇಲ್ಲದ್ದೆಲ್ಲ ಡಿಫಾಲ್ಟಿಗೆ, ಅಂದರೆ ಬಂದ ದಾರಿಯಲ್ಲೇ ಹೊರಗೆ. ಹೆಡ್ ಆಫೀಸನ್ನು ನೆನೆದ ನಾವು ನಾಲ್ವರೂ ಬನಶಂಕರಿಯನ್ನು ನೆನೆದಿರಲಿಲ್ಲ. ಅದು ಹೊಳೆದದ್ದು ನನಗೇ, ಅಥವಾ ಮೇಡಂ ಹೇಳುತ್ತಾ ಹೇಳುತ್ತಾ ತಾವೇ ಕಂಡುಕೊಂಡರೇ? ನಾನು ಈ ಕಥೆ ಹೇಳುವಾಗಲೆಲ್ಲ ನನಗೇ ಹೊಳೆದಿದೆ. ಆ ಕಾರಣಕ್ಕೇ ಅದನ್ನು ಈಗ ಅನುಮಾನಿಸುತ್ತೇನೆ. ಮಾರನೆಯ ದಿನ ಜೆ.ಪಿ. ನಗರದಲ್ಲಿ ಮೂರನೆಯ ಸಾಲು ಸೇರಿತು: ಬನಶಂಕರಿಯ ವಿಳಾಸಗಳು ಜಯನಗರದ ತಂತಿಗೆ. ಉತ್ತರ ಬರತೊಡಗಿತು.

ಸಮಿತಿ ಬಂದ ದಿನ ಮೇಡಂ ಬನಶಂಕರಿಯಲ್ಲಿ. ಜೆ.ಪಿ. ನಗರದ ಆಪರೇಟರ್ ತಂಗಿಯ ಮದುವೆಗೆಂದು ರಜೆಯಲ್ಲಿದ್ದ. ನಾನು ಅಲ್ಲಿ ಹೋಗಿ ಕೂರುತ್ತೇನೆ ಎಂದರೆ ಅವತ್ತೇ ಬೆಳಿಗ್ಗೆ ಊರಿಗೆ ಮರಳಿದ್ದ ನಿರ್ದೇಶಕರು ಒಪ್ಪಲಿಲ್ಲ. ಹೆಡ್ ಆಫೀಸಿನಲ್ಲಿ ಜವಾಬ್ದಾರಿಯವರು ಯಾರಾದರೂ ಇರಬೇಕಂತೆ. ಹೀಗಾಗಿ ಜಯನಗರದ ಹಿಂದಿನ ಕೋಣೆಯಲ್ಲಿ ನಾನು ದೀಪಗಳನ್ನು ನೋಡುತ್ತಾ ಕೂತಿದ್ದೆ.

ಮಧ್ಯಾಹ್ನಕ್ಕೆ ಮುಂಚೆ ಜೆ.ಪಿ. ನಗರದ ತಂತಿಯ ಮೋಡೆಮಿನಲ್ಲಿ ಆ ಕಡೆಯ ಸದ್ದು ಬರುತ್ತಿದೆ ಎಂದು ತೋರಿಸುವ ದೀಪ ಆರಿಹೋಯಿತು. ಫೋನ್ ಮಾಡಿದೆ.

"ಕರೆಂಟ್ ಹೋಯ್ತು ಎಮ್ಮೆಸ್ಸಿ. ಇಡೀ ಬೀದಿಗೇ ಇಲ್ಲ," ಎಂದರು ಮೇಲ್ವಿಚಾರಕರು, ಬೇರೆ ಯಾರದೋ ಸುದ್ದಿ ಹೇಳುವವರಂತೆ.

"ಸಾರ್, ಬಂದ ಮೇಲೆ ಮೆಷಿನ್ ಹಳೇ ಫೈಲ್ ಓದತ್ತೆ..." ಎನ್ನುವಷ್ಟರಲ್ಲಿ ಅವರು ಫೋನ್ ಇಟ್ಟಾಗಿತ್ತು. ಮತ್ತೆ ತಿರುಗಿಸಿದೆ. ಎಂಗೇಜ್. ಮತ್ತೆ ಎಂಗೇಜ್. ಬನಶಂಕರಿಗೆ ಮಾಡಿದೆ. ಮೇಡಂ ಪಿಸುಮಾತಿನಲ್ಲಿ, "ಉಪ್ಪಿಟ್ಟು ಕೊಡಿಸ್ತಿದ್ದೀನಿ. ಕಾಫಿ ಇನ್ನೂ ಕೊಟ್ಟಿಲ್ಲ. ಅಷ್ಟು ಹೊತ್ತು ತಳ್ಳಬಹುದು," ಎಂದರು.

ಬಸ್ಸು ಹಿಡಿದು ಓಡಿದರೂ ಉಪ್ಪಿಟ್ಟು ಮುಗಿದಿರುತ್ತಿತ್ತು. ಕೂತೆ. ನನ್ನ ಜೀವನದಲ್ಲಿ ಅಷ್ಟು ಹೊತ್ತು ಅಲುಗಾಡದೆ ಕೂತದ್ದು ಅದೇ ಮೊದಲಿರಬೇಕು. ಬ್ಯಾಂಕಿನ ಖಾಯಂ ಕೆಲಸ ಬಿಟ್ಟು ಬಂದವರ ಹುದ್ದೆ ಒಂದು ಫೈಲಿನ ಒಂದು ಸಾಲಿನ ಮೇಲಿತ್ತು, ಆ ಸಾಲನ್ನು ನೋಡಲು ನನಗೆ ಕಣ್ಣಿರಲಿಲ್ಲ.

ಕೊನೆಗೆ ಆರಿದ್ದ ದೀಪ ಹತ್ತಿತು. ಯಂತ್ರ ಡಿಸ್ಕ್ ಪರೀಕ್ಷಿಸಿ ಏಳಲು ಬೇಕಾದಷ್ಟು ಹೊತ್ತು ಕಾದೆ. ಆಮೇಲೆ ಹೊರಗಿನ ವಿಳಾಸಕ್ಕೆ ಒಂದು ಪ್ಯಾಕೆಟ್ ಬಿಟ್ಟೆ.

ಕಳಿಸುವ ದೀಪ ಒಮ್ಮೆ ಮಿನುಗಿತು. ಫೈಲ್ ಹಳೆಯದಾಗಿದ್ದರೆ ಬರುವ ದೀಪ ಆ ಗಳಿಗೆಯೇ ಮಿನುಗಬೇಕು, ಮತ್ತೆ ಕಪ್ಪೆ ಗಂಟಲು ಶುರುವಾಗಬೇಕು. ಮಿನುಗಲಿಲ್ಲ. ಎರಡೂ ಆರಿಯೇ ಇದ್ದವು. ಪ್ಯಾಕೆಟ್ ಜೆ.ಪಿ. ನಗರ ದಾಟಿ ಎಲ್ಲೋ ಊರಿನ ಆ ತುದಿಗೆ ಹೋಗುತ್ತಿತ್ತು. ಆಮೇಲೆ ಬರುವ ದೀಪ ಒಮ್ಮೆ, ಒಂದೇ ಒಮ್ಮೆ, ಮಿನುಗಿ ಆರಿತು. ಇದನ್ನು ನಾನು ಕಂಡೆ. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ.

ಆದರೆ ಅದು ಜಯನಗರಕ್ಕೆ ಬಂದ ಉತ್ತರ. ಬನಶಂಕರಿಯ ಸಾಲು ಫೈಲಿನಲ್ಲಿದೆಯೋ ಇಲ್ಲವೋ ನನ್ನ ದೀಪಕ್ಕೆ ಗೊತ್ತಿರಲಿಲ್ಲ. ಮೇಡಂಗೆ ಫೋನ್ ಮಾಡಿ, ‘ಈಗ ಕಳಿಸಿ’ ಎಂದಷ್ಟೇ ಹೇಳಿದೆ. ಬನಶಂಕರಿಯ ಲೆಕ್ಕ ನನ್ನ ಕಣ್ಣೆದುರು ದೀಪವಾಗಿ ದಾಟಿಹೋಯಿತು. ಫೋನಿನ ಪಕ್ಕ ಕೂತೆ.

ಫೋನ್ ಹೊಡೆಯಿತು. ಎತ್ತಿದೆ. "ಬಂತು."

ಮೇಡಂ ಆ ಒಂದು ಮಾತು ಹೇಳಿದ ಬಗೆ ನನ್ನ ಕಿವಿಯಲ್ಲಿ ವರ್ಷಗಟ್ಟಲೆ ಉಳಿಯಿತು. ಮೆತ್ತಗೆ, ಸಮಿತಿಯವರಿಗೆ ಕೇಳದಂತೆ, ಕೊನೆಯಲ್ಲಿ ಸಣ್ಣ ನಗು. ಹುದ್ದೆ ಖಾಯಂ ಆಯಿತು. ಲೈನುಗಳು ಉಳಿದವು. ನಾನು ಎಂದಿನಂತೆ ಒಂದು ವರ್ಷದಲ್ಲಿ ಆ ಕೆಲಸವನ್ನೂ ಬಿಟ್ಟೆ. ಬೀಳ್ಕೊಡುಗೆಯ ಕಾಫಿಗೆ ಜೆ.ಪಿ. ನಗರದ ಮೇಲ್ವಿಚಾರಕರೂ ಬಂದಿದ್ದರು. ಅವತ್ತು ಫೋನಿನಲ್ಲಿ ನೀವು ‘ಬಂತು’ ಎಂದಿರಲ್ಲ, ಅದನ್ನು ಮರೆಯಲಾರೆ ಎಂದೆ ಮೇಡಂಗೆ.

"ನಿಮಗೆ? ನಿಮಗೆ ನಾನು ಫೋನೇ ಮಾಡಿಲ್ಲ ಕಣ್ರೀ. ಮೊದಲು ಸಾರ್‌ಗೆ ಮಾಡ್ದೆ. ಫೈಲ್ ಅವ್ರದ್ದಲ್ವಾ."

"ನನಗೆ ಮಾಡಿದ್ರು," ಎಂದರು ಮೇಲ್ವಿಚಾರಕರು. "ನಾನು ಹೆಡ್ ಆಫೀಸಿಗೆ ವರದಿ ಒಪ್ಪಿಸ್ದೆ. ‘ಬಂತಂತೆ’ ಅಂದೆ. ನೀವು ಎರಡೆರಡು ಸಲ ಕೇಳಿದ್ರಿ."

"ಫೈಲ್ ಯಾವಾಗ ತಿದ್ದಿಸಿದ್ರಿ ಸಾರ್? ಲೆಟರ್ ಬಂದಿರಲಿಲ್ವಲ್ಲ," ಎಂದು ಕೇಳಿದೆ. ಯಾಕೋ ಅದನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

"ಆಪರೇಟರ್ ರಜಾ ಹೋಗೋ ಮುಂಚೆ ಮೂರೂ ಸಾಲು ಬರೆಸಿಟ್ಟೆ. ಮೇಡಂ ಬಾಯಿಮಾತಲ್ಲಿ ಆದೇಶ ಕೊಟ್ಟಿದ್ರಲ್ಲ. ತುರ್ತಿದ್ರೆ ಮೊದಲು ಪಾಲಿಸ್ಬೇಕು, ಆಮೇಲೆ ಘಟನೋತ್ತರ ಅನುಮೋದನೆ ತಗೋಬೇಕು. ಅದೂ ರೂಲೇ ಎಮ್ಮೆಸ್ಸಿ. ನಿಮ್ಮ ಯೂನಿವರ್ಸಿಟೀಲಿ ಹೇಳಿಕೊಟ್ಟಿಲ್ಲ ಅಷ್ಟೇ."

"ಹಾಗಿದ್ರೆ ಅವತ್ತು ಫೋನ್ ಯಾಕೆ ಇಟ್ಟುಬಿಟ್ರಿ?"

"ಕರೆಂಟಿನವರಿಗೆ ಕಂಪ್ಲೇಂಟ್ ಕೊಡೋದು ಬೇಡ್ವಾ?"

ಮೇಡಂ ನಗುತ್ತಿದ್ದರು. ಮೆತ್ತಗೆ, ಕೊನೆಯಲ್ಲಿ ಸಣ್ಣದಾಗಿ. ನಾನು ಇಷ್ಟು ದಿನ ಫೋನಿನಲ್ಲಿ ಕೇಳಿದ್ದೆ ಎಂದುಕೊಂಡ ನಗು ಅದೇ. ಅದು ನನ್ನನ್ನು ತಲುಪಿದ್ದು ಯಾವತ್ತು, ಯಾವ ದಾರಿಯಲ್ಲಿ ಎಂದು ಹೇಳಲಾರೆ. ಸುದ್ದಿ ಮಾತ್ರ ಬಂದದ್ದು ಬನಶಂಕರಿಯಿಂದ ಜೆ.ಪಿ. ನಗರಕ್ಕೆ, ಅಲ್ಲಿಂದ ಜಯನಗರಕ್ಕೆ. ಅವರ ಕೈಯಲ್ಲಿದ್ದ ಲೋಟದ ಕಾಫಿ ಎಂದಿನಂತೆ ಆರಿಹೋಗಿತ್ತು.